ಬಳೆಯಿಲ್ಲದ ಕೈ

"ಹುಡುಗಿ ಕೈ ಬೋಳು!"

ಕಾಫಿ ಲೋಟ ತೆಗೆದುಕೊಳ್ಳುತ್ತಾ ಹುಡುಗನ ಸೋದರತ್ತೆ ಪಿಸುಗುಟ್ಟಿದರು. ಶಿವರಂಜನಿಗೆ ಅದು ಕೇಳಿಯೂ ಕೇಳಿಸಲಿಲ್ಲ. ಅವಳ ಜೀವವೆಲ್ಲ ಎದುರಿಗೆ ಕೂತಿದ್ದ ಮಲ್ಲಿಕ್ ಮೇಲಿತ್ತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು, ಮುಖದ ತುಂಬ ನಾಚಿಕೆ... 'ಇವರೇ ಆಗಲಿ ಶಿವನೇ!'

"ನಿಮಗೆ... ಒಪ್ಪಿಗೆ ಐತಾ?" ಅವನೇ ಕೇಳಿದ.

ತುಂಬಿದ ಮನೆಯಲ್ಲಿ ಹುಡುಗಿ ಏನು ಹೇಳಿಯಾಳು? ತಲೆ ತಗ್ಗಿಸಿದಳು. ಅವನು ಅವಳ ಬರಿಗೈ ನೋಡಿ ಕಾಫಿ ಲೋಟ ಕೆಳಗಿಟ್ಟ.

ಗಂಡಿನ ಕಡೆಯವರು ಮೊಳಕಾಲ್ಮೂರು ಬಿಟ್ಟು ಹೊರಟ ಮೇಲೆ ಅವ್ವ ಅನ್ನಪೂರ್ಣಮ್ಮ ಹಣೆ ಚಚ್ಚಿಕೊಂಡರು. "ಬಳೆ ಎಲ್ಲೇ? ಒಲ್ಲದ ಹುಡುಗೀನ ತಂದು ಕೂರ್ಸಿದೀವಿ ಅಂದ್ಕೊಂಡು ಹೋದ್ರಲ್ಲೇ!"

ಅಯ್ಯೋ! ಅವಳು ಚಳ್ಳಕೆರೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್ ಲೆಕ್ಚರರ್. ತಿರುಗುವ ಮೆಷಿನ್ ಮುಂದೆ ಬಳೆ ತೊಡುವಂತಿಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಬಿಚ್ಚಿಟ್ಟವಳು ಬಸ್ಸಿನ ಅವಸರದಲ್ಲಿ ಮರೆತೇ ಬಂದಿದ್ದಳು.

"ಹೇಳಿ ಕಳ್ಸವ್ವಾ..."

"ಹೆಣ್ಣಿನ ಕಡೆಯೋರು ಹಿಂದೆ ಬೀಳ್ತಾರೇನೇ? ಬಿಡು, ಋಣ ಇರ್ಲಿಲ್ಲ."

ಇದು ತೊಂಬತ್ತಾರರ ಮಾತು.

ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕಡೆಯುವ ಹೊಸ ಯಂತ್ರಗಳ ಮೇಲೆ ಸಂಶೋಧನೆ ಮಾಡಿ ರಂಜನಿ ಡಾಕ್ಟರೇಟ್ ಪಡೆದಳು, ಪ್ರೊಫೆಸರ್ ಆದಳು. ಸನ್ಮಾನದ ಶಾಲುಗಳು ಬೀರು ತುಂಬಿದವು. "ಚೆನ್ನಾಗೈತೆ" ಅನ್ನೋಕೆ ಮನೆಯಲ್ಲಿ ಒಂದು ಜೀವ ಇರಲಿಲ್ಲ! ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಒಬ್ಬಳಿಗೋಸ್ಕರ ಮುದ್ದೆ ತೊಳಸಲು ಬೇಜಾರಾಗಿ, ಎಷ್ಟೋ ಸಂಜೆ ಮಂಡಕ್ಕಿ ತಿಂದು ಮಲಗುತ್ತಿದ್ದಳು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಮಿಲ್ಲಿನ ಬೀದಿಯನ್ನಂತೂ ತುಳಿಯಲೇ ಇಲ್ಲ. 'ಹೆಂಡತಿ ಮಕ್ಕಳ ಜೊತೆ ಎದುರಾದರೆ...?'

ಎರಡು ಸಾವಿರದ ಐದರಲ್ಲಿ ಒಂದು ಮಧ್ಯಾಹ್ನ, ಊರಿನ ಯಾವ ವರ್ಕ್‌ಶಾಪಿನಲ್ಲೂ ರಿಪೇರಿಯಾಗದ ಮಿಲ್ಲಿನ ಶಾಫ್ಟ್ ಹೊತ್ತು ಲ್ಯಾಬಿನ ಬಾಗಿಲಿಗೆ ಬಂದವನು... ಮಲ್ಲಿಕ್!

ಬಂದವರು ಯಾರೇ ಆದರೂ ಪ್ರೊಫೆಸರ್ ಬಾಯಿ ಸುಮ್ಮನಿರುತ್ತದೆಯೇ?

"ವಾಚು, ಉಂಗುರ ತೆಗೆದಿಟ್ಟು ಒಳಗೆ ಬನ್ನಿ. ಮೆಷಿನ್‌ಗೆ ಸಿಕ್ಕಿದ್ರೆ ಕೈಯೇ ಹೋಗ್ತೈತೆ."

ವಾಚು ಬಿಚ್ಚುತ್ತಿದ್ದವನ ಕಣ್ಣು ಅವಳ ಬರಿಗೈ ಮೇಲೆ ನಿಂತಿತು.

"ಅವತ್ತೂ... ಇಲ್ಲಿಂದಾನೇ ಬಂದಿದ್ರಾ?"

"ಹೂಂ. ಬಳೆ ಮರೆತಿದ್ದೆ... ನಿಮ್ಮನ್ನಲ್ಲ."

"ಒಲ್ಲೆ ಅಂದ್ರಿ ಅಂದ್ಕೊಂಡೆನಲ್ರೀ!"

"ಮನೆಯವರು... ಚೆನ್ನಾಗಿದಾರಾ?"

"ಯಾವ ಮನೆಯವರು? ಆಮೇಲೆ ಇನ್ನೊಂದು ಹೆಣ್ಣು ನೋಡೋಕೆ ಮನಸ್ಸೇ ಬರ್ಲಿಲ್ಲ."

ವಿದ್ಯಾರ್ಥಿಗಳೆಲ್ಲ ನೋಡುತ್ತಿದ್ದರು. ನೋಡಲಿ! ರಂಜನಿ ಅತ್ತೇಬಿಟ್ಟಳು.

ಮರುದಿನ ಸಂಜೆ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ, ಹಸಿರು ಬಳೆಗಳ ಪೊಟ್ಟಣ ಹಿಡಿದು ಅವನು ಕೂತಿದ್ದ.

"ಮೆಷಿನ್ ನಿಲ್ಲಿಸಿದ್ರಾ ಮೇಡಂ?"

ಅವಳು ಕೈಯ ಎಣ್ಣೆ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು. "ಬೆಳಿಗ್ಗೆ ಮತ್ತೆ ಬಿಚ್ಚಿಡ್ಬೇಕು. ನಿಮ್ಮ ಅತ್ತೆ ಏನಂತಾರೋ..."

"ಬಿಚ್ಚಿಡ್ರಿ," ಮೊದಲ ಬಳೆ ಏರಿಸುತ್ತಾ ಅವನೆಂದ. "ದಿನಾ ಸಂಜೆ ನಾನೇ ಬಂದು ತೊಡಿಸ್ತೀನಿ."