ರಬ್ಬರ್ ಇಲ್ಲದ ಪುಲ್ಲಿ

ಚಿಕ್ಕೋಡಿ ಠಾಣೆಗೆ ದೂರು ಬಂದದ್ದು 1993ರ ಫೆಬ್ರವರಿ 9ರ ಮಧ್ಯಾಹ್ನ. ಕೊಟ್ಟವಳು ಕಬ್ಬೂರಿನ ಶಿವಗಂಗವ್ವ. ಸತ್ತವನು ಅವಳ ಗಂಡ ಧರೆಪ್ಪ. ಅವಳು ಹೆಸರಿಸಿದ್ದು ಪಕ್ಕದ ತೋಟದ ಪಾರಿಸನನ್ನು.

"ಕಾರಿನ ಪೂಜಿ ಐತಿ, ಹಿರ್ಯಾರು ನೀವ ಕಾಯಿ ಒಡೀಬೇಕು ಅಂತ ಇವರನ್ನ ಕರಕೊಂಡ ಹೋದಾನ್ರಿ. ಕಾಯಿ ಒಡ್ಯಾಕ ಮಗ್ಗಲಕ ಬಗ್ಗ್ಯಾರ, ಪಾರಿಸ ಎಕ್ಸಲೇಟರ್ ತುಳದಾನ. ಇಂಜಿನ್ ಒಡದು ಕಬ್ಬಿಣದ ಚೂರು ಕುತ್ತಿಗಿಗೆ ಬಡೀತ್ರಿ."

"ಕಾರು ಓಡಾಕತ್ತಿತ್ತೇನವ್ವಾ?" ಸಬ್ ಇನ್‌ಸ್ಪೆಕ್ಟರ್ ವಿರುಪಾಕ್ಷಪ್ಪ ಕೇಳಿದರು.

"ನಿಂತಿತ್ರಿ. ನಿಂತ ಗಾಡಿ ಮನಷಾನ್ನ ಕೊಲ್ತೈತೇನ್ರಿ?"

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಸ್ಥಳ ಮಲಕಾರಿಯ ರಿಪೇರಿ ಅಂಗಡಿಯ ಅಂಗಳ. ಮಲಕಾರಿ ಬಾವಿಯ ನೀರೆತ್ತುವ ಡೀಸೆಲ್ ಇಂಜಿನ್‌ಗಳ ಮಿಸ್ತ್ರಿ. ರಿಪೇರಿಯಾದ ಇಂಜಿನ್ನನ್ನು ಪೂರ್ತಿ ವೇಗಕ್ಕೆ ಏರಿಸಿ, ಅದರ ಮಗ್ಗುಲಲ್ಲಿ ಹಿರಿಯರಿಂದ ಕಾಯಿ ಒಡೆಸಿಯೇ ಒಪ್ಪಿಸುವುದು ಅಲ್ಲಿನ ರೂಢಿ. ಕೊಲ್ಹಾಪುರದ ಓಟದ ಸ್ಪರ್ಧೆಗೆಂದು ಪಾರಿಸ ತಂದಿದ್ದ ಹಳೆಯ ಕಾರಿಗೂ ಅದೇ ನಡೆದಿತ್ತು.

ಪಂಚನಾಮೆಯಲ್ಲಿ ಕಂಡದ್ದು: ಇಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟ್ ಎರಡು ತುಂಡು, ಅದರ ತುದಿಯ ಭಾರದ ಚಕ್ರ ಫ್ಲೈವ್ಹೀಲ್ ಚೂರುಚೂರು, ಅದರ ಕವಚದ ಬದಿಯಲ್ಲಿ ಅಂಗೈಯಗಲದ ತೂತು. ಮಲಕಾರಿ ಊರಲ್ಲಿರಲಿಲ್ಲ.

"ಸಾಹೇಬ್ರ, ಬೆಲ್ಟ್ ಐತಿ, ಅದನ್ನ ತಿರಗಸೋ ಪುಲ್ಲಿ ಇಲ್ರಿ," ಎಂದ ಪೇದೆ ಮುರಗೆಪ್ಪ. "ಬೋಲ್ಟ್ ಇಲ್ಲೇ ಐತಿ. ಮುರದಿಲ್ಲ, ಯಾರೋ ಬಿಚ್ಯಾರ."

ಪಾರಿಸನನ್ನು ಅವನ ಮನೆಯಲ್ಲೇ ವಿಚಾರಿಸಿದರು.

"ಪುಲ್ಲಿ ಯಾರು ಬಿಚ್ಚಿದ್ರು?"

"ಗೊತ್ತಿಲ್ರಿ."

"ತುಳಿ ಅಂದವ್ರ ಯಾರು?"

"ಯಾರೂ ಇಲ್ರಿ. ನಾನ ತುಳದೆ. ನನ್ನ ಮ್ಯಾಲ ಬರಕೊಳ್ರಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಿನಮತಿ ತಡೆದುಕೊಳ್ಳಲಿಲ್ಲ. "ಬರಕೊಳ್ರಿ ಅಂತ! ದೋಸ್ತ ಮಲಕಾರಿ ಸಲುವಾಗಿ ಜೇಲಿಗೆ ಹೊಂಟಾರ ನೋಡ್ರಿ ಧರ್ಮರಾಯ. ಸಾಹೇಬ್ರ, ಮೊನ್ನಿ ಐತವಾರ ಬೇಡಕಿಹಾಳದ ಬಸದಿಯಿಂದ ಬರಮುಂದ ಮಲಕಾರಿ ಅಣ್ಣಾನೇ ಈ ಕಾರು ಹೊಡ್ಯಾಕತ್ತಿದ್ದ. ಒಂದ ವೇಗಕ್ಕ ಬಂತಂದ್ರ ಕಾಲಾಗ ಜುಮ್ ಅಂತ ನಡಗೂದು, ಮುಂದ ಹೋದ್ರ ಬಂದ್. ಮತ್ತ ಇಳಿಸಿದ್ರ ಮತ್ತ ನಡಗೂದು. ಏನಿದು ಅಂದೆ. 'ಹೊಸಾದ ವೈನಿ, ಓಡಿದಂಗ ಸರಿ ಕೂಡ್ತೈತಿ' ಅಂದ. ಮುಖ ಮಾತ್ರ ಬಿಳುಚಿತ್ತು."

ವಿರುಪಾಕ್ಷಪ್ಪ ಮತ್ತೆ ಅಂಗಡಿಗೆ ಹೋದರು.

ಅಂಗಡಿಯ ಗೂಟದಲ್ಲಿ ಕಾರಿನ ಮೂಲ ಪುಲ್ಲಿ ಸಿಕ್ಕಿತು. ಅದರ ಎರಡು ಬಳೆಗಳ ನಡುವೆ ರಬ್ಬರ್ ಇತ್ತು. ಮೋಟಾರು ವಾಹನ ನಿರೀಕ್ಷಕರು ವಿವರಿಸಿದರು: ಪೆಟ್ರೋಲ್ ಉರಿದಾಗೊಮ್ಮೆ ಶಾಫ್ಟ್ ಕೂದಲೆಳೆಯಷ್ಟು ತಿರುಚಿ ಬಿಡುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಆ ತಿರುಚುಗಳು, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಒಂದರ ಮೇಲೊಂದು ಕೂಡುತ್ತವೆ. ಅದನ್ನು ನುಂಗುವುದು ಆ ರಬ್ಬರ್. ಬಾವಿಯ ಇಂಜಿನ್ ನಿಧಾನ. ಅಲ್ಲಿ ಗಟ್ಟಿ ಪುಲ್ಲಿ ನಡೆಯುತ್ತದೆ. ಮಲಕಾರಿ ಅದೇ ಲೆಕ್ಕದಲ್ಲಿ ಕಾರಿಗೂ ಹಗುರ, ಗಟ್ಟಿ ಪುಲ್ಲಿ ಕಡೆದು ಹಾಕಿರಬೇಕು. ಪೂಜೆಯಲ್ಲಿ ಇಂಜಿನ್ ಆ ನಡುಗುವ ವೇಗದಲ್ಲೇ ತಿರುಗುತ್ತ ಉಳಿದು ಶಾಫ್ಟ್ ಮುರಿಯಿತು, ಫ್ಲೈವ್ಹೀಲ್ ಒಡೆದು ಚೂರು ಕವಚ ಸೀಳಿ ಹೊರಬಂತು.

ಫೆಬ್ರವರಿ 11ರಂದು ಹಾರೂಗೇರಿಯಲ್ಲಿ, ಅಕ್ಕನ ಮನೆಯಲ್ಲಿ ಮಲಕಾರಿಯ ಬಂಧನವಾಯಿತು. ಬಿಚ್ಚಿದ ಪುಲ್ಲಿ ಅವನ ಚೀಲದಲ್ಲಿತ್ತು, ಅದರಲ್ಲಿ ರಬ್ಬರ್ ಇರಲಿಲ್ಲ.

"ಬಾವಿಗೆ ಒಗೀಬೇಕಂತ ತಂದಿದ್ದೆ. ಕೈ ಬರಲಿಲ್ರಿ."

"ನಡಗೂದು ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?"

"ಹೇಳಿದ್ರ ಗಾಡಿ ಕೊಲ್ಹಾಪುರದ ಗ್ಯಾರೇಜಿಗೆ ಹೋಗ್ತಿತ್ರಿ."

ಪಾರಿಸ ಸಾಕ್ಷಿಯಾದ. ದೂರಿನಿಂದ ಅವನ ಹೆಸರು ಕೈಬಿಡಲು ಶಿವಗಂಗವ್ವ ಒಪ್ಪಿದ್ದು ಎರಡು ದಿನದ ಮೇಲೆ.

ಮಲಕಾರಿಯ ಹೇಳಿಕೆ ಚಿಕ್ಕದು. ಇಷ್ಟು ವರ್ಷ ಜನ ಅವನನ್ನು ಕರೆದದ್ದು ಬಾವಿಯ ಇಂಜಿನ್ನಿಗೆ ಮಾತ್ರ. ಕಾರು ಅಂಗಳದಲ್ಲಿ ನಿಂತ ಮೇಲೆ ಬಸ್ಸಿಳಿದವರೂ ಬಂದು ನೋಡಿ ಹೋಗುತ್ತಿದ್ದರು. ಕಾಯಿ ಕೈಗೆತ್ತಿಕೊಂಡ ಧರೆಪ್ಪ, "ಅಂತೂ ಮೋಟಾರಿನ ಮಿಸ್ತ್ರಿ ಆದ್ಯೋ ಮಗನ," ಎಂದಿದ್ದ. ಅದನ್ನು ಕೇಳಿದ ಮೇಲೆಯೇ ತಾನು ಪಾರಿಸನಿಗೆ, ಇನ್ನೂ ಜೋರು ತುಳಿ ಎಂದು ಕೈ ಮಾಡಿದ್ದು ಎಂದು ಅವನು ಬರೆಸಿದ.