ಮಗುಚಿದ ಬಂಡೆ

ಸಂಜೆಯೊಳಗೆ ಕಲ್ಲು ತನ್ನಿ, ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರಿ ಎಂದಿದ್ದರು ಸಾಹೇಬರು. ಮರುದಿನ ಕರಾವಳಿಯ ಶಿಲಾನಕ್ಷೆ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಕಡಲಂಚಿನ ದೊಡ್ಡ ಬಂಡೆಯ ಪದರಗಳು, ಹಳೆಯದು ಕೆಳಗೆ ಹೊಸದು ಮೇಲೆ, ಸಾಧುವಾಗಿ ಕೂತಿದ್ದವು. ಆ ಬಂಡೆಯನ್ನು ಭೂಮಿ ಇಡಿಯಾಗಿ ಮಗುಚಿ ಹಾಕಿದೆ ಎಂದು ವಾದಿಸುತ್ತಿದ್ದವಳು ಇಡೀ ಭೂವಿಜ್ಞಾನ ಕಚೇರಿಯಲ್ಲಿ ಅವಳೊಬ್ಬಳೇ. ಫೋಟೊ ತೋರಿಸಿದರೆ, ಫೋಟೊವನ್ನು ಹೇಗೆ ಬೇಕಾದರೂ ತಿರುಗಿಸಬಹುದಲ್ಲಮ್ಮ ಎಂದು ನಕ್ಕಿದ್ದರು. ಅವಳಿಗೆ ಮೈಯೆಲ್ಲ ಉರಿದಿತ್ತು.

ದೋಣಿ ನಡೆಸಲು ಅಕ್ಕನ ಗಂಡ ಬಂದ. ಮೀನಿನ ದೋಣಿಯಲ್ಲಿ ಕಲ್ಲು ಹೊರುವ ಕರ್ಮ ತನ್ನದಾಯಿತಲ್ಲ ಎಂದು ಗೊಣಗುತ್ತಲೇ ಅಲೆಗಳ ನಡುವೆ ದಾರಿ ಮಾಡಿಕೊಂಡು ಹೋದ.

ಬಂಡೆ ನೀರಿನಿಂದ ನೆಟ್ಟಗೆ ಎದ್ದಿತ್ತು. ಕೆಂಪು ಮರಳುಗಲ್ಲು, ಬೂದು ಜೇಡಿಗಲ್ಲು, ಮತ್ತೆ ಕೆಂಪು, ಮಡಿಸಿಟ್ಟ ಕಂಬಳಿಗಳಂತೆ ಒಂದರ ಮೇಲೊಂದು. ನೀರು ಇಳಿದಾಗ ಮಾತ್ರ ಕಾಣುವ ಬುಡದ ಪದರದಲ್ಲಿ, ಯಾವುದೋ ಕಾಲದ ಕಡಲು ಮರಳಿನಲ್ಲಿ ಮೂಡಿಸಿದ ಅಲೆಯ ಸುಕ್ಕುಗಳು ಕಲ್ಲಾಗಿ ಉಳಿದಿದ್ದವು. ಅಂಥ ಸುಕ್ಕಿನ ಚೂಪು ಏಣು ಮೇಲಕ್ಕಿರಬೇಕು. ಇಲ್ಲಿ ಅಷ್ಟೂ ಕೆಳಕ್ಕಿದ್ದವು.

ಅವಳು ನೀರಿಗಿಳಿದು ಸುತ್ತಿಗೆ ಬೀಸಿದಳು. ತುಂಡು ಕೈಗೆ ಬಂತು. ಹಿಗ್ಗಿದವಳು ಅದನ್ನು ತಿರುವಿ ನೋಡಿದ್ದೇ ಸಿಟ್ಟಿನಿಂದ ಕಡಲಿಗೆ ಎಸೆದಳು.

ಭಾವ ಕಣ್ಣು ಬಿಟ್ಟ. "ತಲೆ ನೆಟ್ಟಗಿದೆಯಾ ನಿಂಗೆ?"

"ಗುರುತು ಹಾಕೋಕೆ ಮೊದಲೇ ಒಡೆದುಬಿಟ್ಟೆ ಭಾವ. ಯಾವ ಕಡೆ ಮೇಲಿತ್ತು ಅಂತ ನಂಗೆ ಗೊತ್ತು. ಅವರಿಗೆ ತೋರಿಸೋದು ಹೇಗೆ?"

ಅಷ್ಟರಲ್ಲಿ ನೀರು ಏರತೊಡಗಿತ್ತು.

"ಸಾಕು, ಬಂದುಬಿಡು. ನಿಮ್ಮಕ್ಕಂಗೆ ನಾನೇನು ಹೇಳಲಿ?"

"ಕಲ್ಲು ತರ್ತಾಳೆ ಅಂತ ಹೇಳಿ."

ಅವನು ಬೈಯುತ್ತಲೇ ಹಗ್ಗ ಎಸೆದ. ಅವಳು ಸೊಂಟಕ್ಕೆ ಬಿಗಿದುಕೊಂಡು ಉಳಿಯಿಂದ ಕೆತ್ತಿದಳು. ಈ ಸಲ ಮೊದಲು ಗೆರೆ, ಬಂಡೆಯ ಮೇಲೂ ಒಡೆಯಬೇಕಾದ ತುಂಡಿನ ಮೇಲೂ ಹಾಯುವಂತೆ. ಆಮೇಲೆ ಮೇಲು ಯಾವ ಕಡೆ ಎಂದು ತೋರಿಸಲು ತುಂಡಿನ ಮೇಲೆ ಬಾಣ.

ಅಲೆ ಬಡಿಯಿತು. ಮೊಣಕೈ ತರಚಿತು. ಉಳಿ ಜಾರಿ ಮುಳುಗಿತು.

ನೀರು ಎದೆಗೆ ಬಂತು. ಸುತ್ತಿಗೆಯ ಚಪ್ಪಟೆ ತುದಿಯನ್ನು ಬಿರುಕಿಗೆ ತುರುಕಿ ಹಲ್ಲು ಕಚ್ಚಿ ಮೀಟಿದಳು. ಕಲ್ಲು ಕಳಚಿತು. ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಮುಂದಿನ ಅಲೆ ಅವಳನ್ನು ಮುಚ್ಚುವಷ್ಟರಲ್ಲಿ ಭಾವ ಹಗ್ಗ ಜಗ್ಗಿದ್ದ.

ಒದ್ದೆ ಬಟ್ಟೆಯಲ್ಲೇ ಹೋಗಿ ಕಲ್ಲನ್ನು ಸಾಹೇಬರ ಮೇಜಿನ ಮೇಲೆ, ನಕ್ಷೆಯ ಪಕ್ಕದಲ್ಲೇ ಇಟ್ಟಳು. ಬಾಣವನ್ನು ಮನೆಯಲ್ಲಿ ಕೂತೂ ಕೆತ್ತಬಹುದಲ್ಲ ಎಂದರು ಅವರು.

"ಗೆರೆಯ ಅರ್ಧ ಇಲ್ಲಿದೆ ಸರ್, ಇನ್ನರ್ಧ ಬಂಡೆಯಲ್ಲೇ ಇದೆ. ಬನ್ನಿ, ಕೂಡಿಸಿ ನೋಡೋಣ. ದೋಣಿ ಕಾಯ್ತಾ ಇದೆ."

ಸಾಹೇಬರು ಕಲ್ಲು ನೋಡಿದರು, ರಕ್ತ ಒಸರುವ ಅವಳ ಮೊಣಕೈ ನೋಡಿದರು. ಆಮೇಲೆ ಅಚ್ಚಿನವರಿಗೆ ಫೋನ್ ಮಾಡಿ, ಆ ಒಂದು ಹಾಳೆ ನಿಲ್ಲಲಿ ಎಂದರು.

ಅವರ ಮಾತು ಮುಗಿಯಲೆಂದು ಅವಳು ಕಾಯಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು ನಕ್ಷೆಯಲ್ಲಿ ಬಂಡೆಯನ್ನು ಮಗುಚಿದಳು.