ಬುಧವಾರದವನ ಪಿಂಚಣಿ

ಪೊಲೀಸು ಕೆಲಸ ಬಲ್ಲವರು ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ತಪ್ಪಿದ್ದಲ್ಲಿ ಕ್ಷಮಿಸಬೇಕು, ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ.

ಮಾರ್ಚ್ ನಾಲ್ಕರ ಬೆಳಿಗ್ಗೆ ಕುಮಾಸಿ ನಗರದ ಮರದ ಮಿಲ್ಲುಗಳ ಬದಿಯ ಠಾಣೆಗೆ ಜೋಸಾಯ ಡೊಂಕೊರ್ ಬಂದ. ಆಯುಸ್ಸೆಲ್ಲ ಗರಗಸದ ಮುಂದೆ ನಿಂತವನು. ಸಂಬಳದಲ್ಲಿ ಕಡ್ಡಾಯವಾಗಿ ಕಡಿತವಾಗುತ್ತಿದ್ದ ಪಿಂಚಣಿಯನ್ನು ಕೇಳಲು ಹೋದರೆ, ಅವನು ಜನವರಿಯಿಂದಲೇ ಪಡೆಯುತ್ತಿದ್ದಾನೆಂದು ಕಚೇರಿಯವರು ಹೇಳಿದ್ದರು.

“ನಾನೇ ನಾನಲ್ಲ ಅಂತಾರೆ, ಇನ್ಸ್‌ಪೆಕ್ಟರಮ್ಮ. ಹೆಂಡತಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ನಾನು ನಾನೇ ಅಂತ ಆಗದಿದ್ರೆ ಅವಳು ಉಳಿಯಲ್ಲ.”

ಇನ್ಸ್‌ಪೆಕ್ಟರ್ ಅಫುವಾ ಬೆಂಪೊಂಗ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಟೆಟೆ ಮತ್ತು ಡೊಂಕೊರ್‌ನೊಂದಿಗೆ ಪಿಂಚಣಿ ಕಚೇರಿಗೆ ಹೋದರು. ಬೆರಳ ಗುರುತು ಪರೀಕ್ಷಿಸುವ ಯಂತ್ರದ ಪಂಚನಾಮೆ ನಡೆಯಿತು. ಡೊಂಕೊರ್ ಹತ್ತೂ ಬೆರಳು ಒತ್ತಿದ. ಪ್ರತಿಸಲವೂ ಕೆಂಪು ದೀಪ.

“ಮಿಲ್ಲಿನವರ ಬೆರಳು ಸವೆದಿರುತ್ತೆ, ಮೇಡಂ,” ಎಂದಳು ಗುಮಾಸ್ತೆ ಅಮಾ. “ಅದಕ್ಕೇ ಬಾಯಲ್ಲಿ ಕೇಳ್ತೀವಿ. ತಾಯಿ ಹೆಸರು, ಮೊದಲ ಮೇಸ್ತ್ರಿ ಹೆಸರು. ಜನವರಿಯಲ್ಲಿ ಬಂದವನು ಎಲ್ಲಾ ತಡವರಿಸದೆ ಹೇಳಿದ. ಗುರುತಿನ ಕಾರ್ಡ್ ಕಳೆದಿದೆ ಅಂದ.”

“ಬೇರೇನು ಮಾತಾಡಿದ?”

“ನನ್ನ ಹೆಸರು ಕೇಳಿ ನಕ್ಕ. ‘ಅಮಾ ಅಂದ್ಮೇಲೆ ನೀನೂ ಶನಿವಾರ ಹುಟ್ಟಿದವಳು. ನಿನ್ನ ವಾರದ ಮುದುಕನ್ನ ಕಾಯಿಸಬೇಡ ಮಗಳೇ’ ಅಂದ.”

ಆ ಸೀಮೆಯಲ್ಲಿ ಹುಟ್ಟಿದ ವಾರಕ್ಕೊಂದು ಹೆಸರು. ಡೊಂಕೊರ್ ತಲೆ ಎತ್ತಿದ. “ನಾನು ಬುಧವಾರದವನು. ಮನೇಲಿ ನನ್ನ ಕ್ವಾಕು ಅಂತಾರೆ.”

“ನಿಮ್ಮ ತಾಯಿ ಹೆಸರು ಗೊತ್ತಿರೋ ಶನಿವಾರದವನು ಯಾರು?” ಬೆಂಪೊಂಗ್ ಕೇಳಿದರು.

ಡೊಂಕೊರ್ ಬಾಗಿಲ ಕಡೆ ತಿರುಗಿದ. “ಬಿಡಿ ಅಮ್ಮಾ.”

“ಆ ಮಾತನ್ನ ಹೆಂಡತಿ ಎದುರಿಗೆ ಹೇಳಿ.”

“ಕ್ವಾಮೆ ಬೊವಾಫೊ. ಮಿಲ್ಲಲ್ಲಿ ದಿಮ್ಮಿಯ ಆಚೆ ತುದಿ ಹಿಡೀತಿದ್ದ ಗೆಳೆಯ.”

ಸಂಜೆ ಬೊವಾಫೊ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಫುಫು ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದ. ಪೊಲೀಸರ ಜೊತೆ ಬಂದಿದ್ದ ಅಮಾ ಗುರುತಿಸಿದಳು.

“ನಿಧಾನಕ್ಕೆ ನುಂಗು, ಮಾವ. ನಮ್ಮ ಲಾಕಪ್ಪಲ್ಲಿ ಸಾರು ಇಷ್ಟು ಗಟ್ಟಿ ಇರಲ್ಲ,” ಎಂದ ಟೆಟೆ.

ಬೊವಾಫೊ ಕೈತೊಳೆದು, ಅಮಾಳತ್ತ ನೋಡಿದ. “ನೀನು ಕಾಯಿಸಲಿಲ್ಲ ಮಗಳೇ. ಅದೊಂದು ನಿಜ.”

ಬಂಧನವಾಯಿತು. ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

“ಇಬ್ಬರದೂ ಒಂದೇ ಗರಗಸ, ಮೇಡಂ. ಪಿಂಚಣಿಗೆ ಅಂತ ನಂದೂ ತಿಂಗಳು ತಿಂಗಳು ಕತ್ತರಿಸಿದ್ರು. ಕೇಳೋಕೆ ಹೋದ್ರೆ ನನ್ನ ಹೆಸರೇ ಇಲ್ಲ. ಮಾಲೀಕ ಅರ್ಧ ಜನರದ್ದು ಕಟ್ಟಿದ, ಅರ್ಧ ಜನರದ್ದು ನುಂಗಿದ.”

“ದೂರು ಕೊಡಬೇಕಿತ್ತು.”

“ಕೊಟ್ಟೆ. ಮಿಲ್ಲು ಮುಚ್ಚಿದೆ ಅಂದ್ರು. ಕ್ವಾಕು ಹೆಂಡತಿ ಕಾಯಿಲೆ ಗೊತ್ತಿರಲಿಲ್ಲ.”

“ಗೊತ್ತಿದ್ರೆ?”

ಅವನು ಸವೆದ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿದ.

ಬೆಂಪೊಂಗ್ ಮೊದಲು ಪಿಂಚಣಿ ಕಚೇರಿಗೆ ವರದಿ ಬರೆದರು. ಮುಂದಿನ ತಿಂಗಳಿಂದ ಡೊಂಕೊರ್‌ನ ಪಿಂಚಣಿ ಅವನಿಗೇ ಸೇರಿತು. ವರದಿ ಬರೆದ ರಾತ್ರಿಯೇ ಹೊಸ ಎಫ್‌ಐಆರ್ ತೆಗೆದು, ಲಾಕಪ್ಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

“ಮಾಲೀಕನ ಹೆಸರು ಹೇಳಿ. ಇದರಲ್ಲಿ ದೂರುದಾರ ನೀವೇ.”

ಮಾಲೀಕ ಗಡಿಯಾಚೆಯ ಅಬಿಜಾನ್‌ನಲ್ಲಿದ್ದಾನೆಂದು ಕೆಲವರು ಹೇಳುತ್ತಾರೆ. ಅವನು ಸಿಕ್ಕನೇ, ಆ ಇಬ್ಬರು ಗೆಳೆಯರು ಮತ್ತೆ ಮಾತಾಡಿದರೇ, ನನಗೆ ಗೊತ್ತಿಲ್ಲ.